ನೆರಿಗೆಯೊಳಗಿನ ಕಲೆ

ಶಿರಾಲಿ
25 ಜೂನ್ 2024, ಮಂಗಳವಾರ

ತಂಗಿ ಹೇಮಾಳಿಗೆ,

ಇಂದು ಅಂಗಾರಕ ಸಂಕಷ್ಟಿ. ಚಂದ್ರ ಕಾಣುವ ತನಕ ಉಪವಾಸ. ಈ ಮಳೆಯಲ್ಲಿ ಚಂದ್ರ ಎಲ್ಲಿಂದ ಕಾಣಬೇಕು, ಪಂಚಾಂಗದಲ್ಲಿ ಹೊತ್ತು ನೋಡಿಯೇ ಊಟ. ಬೆಳಿಗ್ಗೆ ದೇವರ ಕೋಣೆ ಒರೆಸಿ, ದೀಪ, ಹರಿವಾಣ, ಗಂಟೆ ಎಲ್ಲವನ್ನೂ ಹುಣಸೆಹುಳಿ, ಉಪ್ಪು ಹಾಕಿ ತಿಕ್ಕಿದೆ. ಮಳೆಗಾಲದಲ್ಲಿ ಹಿತ್ತಾಳೆ ಎರಡು ದಿವಸಕ್ಕೇ ಕಪ್ಪಾಗುತ್ತದೆ. ಸೊಸೆ ಭಾಗ್ಯ ಪೇಟೆಯ ಪುಡಿ ತರುತ್ತೇನೆ ಅಂದಳು. ದೇವರ ಪಾತ್ರೆಗೆ ಆ ವಾಸನೆ ಬೇಡ ಅಂದೆ.

ನಾನು ಯಾಕೆ ಕಾಗದ ಬರೆದೆ ಎಂದು ನಿನಗೆ ಆಶ್ಚರ್ಯ ಆಗಬಹುದು. ನಿನ್ನ ಮಗಳು ಅರ್ಚಿತಳ ಮದುವೆಯ ಚಪ್ಪರದಲ್ಲಿ, ನಾಲ್ಕು ಜನರ ಎದುರು, ‘ಆಯಿಯ ಧಾರೆ ಸೀರೆ ನೀ ಒಬ್ಳದ್ದಲ್ಲ’ ಎಂದು ನೀನು ಹೇಳಿದ್ದಕ್ಕೆ, ಇನ್ನು ನಿನ್ನ ಕೂಡೆ ಮಾತಾಡುವುದಿಲ್ಲ ಎಂದು ನಾನು ದೇವರ ಆಣೆ ಹಾಕಿದ್ದೇನೆ. ಆ ಆಣೆ ಬಾಯಿಗೆ, ಕೈಗಲ್ಲ. ಅಕ್ಷರ ಸೊಟ್ಟ ಇದ್ದರೆ ಬೇಸರ ಮಾಡಬೇಡ. ಮೀನು ಕೊಯ್ಯುವಾಗ ಮೆಟ್ಟುಗತ್ತಿಗೆ ತುದಿ ಕೊಟ್ಟ ಈ ಮೊಂಡು ತೋರುಬೆರಳಿನ ಮೇಲೆ ಪೆನ್ನು ನಿಲ್ಲುವುದಿಲ್ಲ.

ಅರ್ಚಿತ ಧಾರೆಗೆ ಉಟ್ಟ, ನಮ್ಮನ್ನು ಹೆತ್ತ ಆಯಿಯ ಸೀರೆ ಬಂದು ಮುಟ್ಟಿದೆ. ನಿನ್ನ ಗಂಡ ನಿತ್ಯಾನಂದ ಜೂನ್ ಹತ್ತಕ್ಕೆ ಚೀಲದಲ್ಲಿ ತಂದುಕೊಟ್ಟ. ನಾನು ದೇವರ ಕೋಣೆಯ ಪೆಟ್ಟಿಗೆಯಲ್ಲಿ ಹಾಗೆಯೇ ಇಟ್ಟಿದ್ದೆ. ಮೊನ್ನೆ ಬಿಚ್ಚಿ ನೋಡಿದೆ.

ಒಂದು ವಿಷಯ ಕೇಳುವುದಿತ್ತು. ನೀನು ಓಂ ಬೀಚಿನ ಗೆಸ್ಟ್‌ಹೌಸಿನಲ್ಲಿ ದಿನಾ ಹಾಸಿಗೆ ಬಟ್ಟೆ ತೊಳೆಯುವವಳು, ಕಲೆಯ ವಿದ್ಯೆ ನಿನಗೆ ಹೆಚ್ಚು ಗೊತ್ತು. ಬಾಳೆ ಸೊನೆ ಹಸಿ ಇರುವಾಗಲೇ ಸೀಮೆಎಣ್ಣೆ ತಿಕ್ಕಬೇಕು, ಎಲೆಅಡಿಕೆ ಕವಳದ ಕಲೆಗೆ ಹುಳಿ ಮೊಸರು ಹಚ್ಚಬೇಕು ಎನ್ನುವುದೆಲ್ಲ ನನಗೂ ಬರುತ್ತದೆ. ಆದರೆ ಒಂದು ತಿಂಗಳು ಹಳೆಯ ರಕ್ತದ ಕಲೆ ಹೇಗೆ ತೆಗೆಯುವುದು? ನಮ್ಮವರ ಪಂಚೆಗೆ ಆಗಿದೆ. ಕಾಲಿಗೆ ಕತ್ತಿ ತಾಗಿತ್ತು.

ಬೇರೆ ಏನಾದರೂ ಹೇಳುವುದಿದ್ದರೆ ಅದನ್ನೂ ಬರೆ. ಕಾಗದದಲ್ಲಿ ಮುಖ ನೋಡುವುದಿರುವುದಿಲ್ಲ, ಬರೆಯುವುದು ಸುಲಭ.

ಇತಿ,
ನಿನ್ನ ಅಕ್ಕ,
ಮಾಸ್ತಮ್ಮ


ಹಿರೇಗುತ್ತಿ
5 ಜುಲೈ 2024

ಅಕ್ಕನಿಗೆ,

ಆಣೆ ಬಾಯಿಗೆ, ಕೈಗಲ್ಲವಂತೆ! ನೀನು ಏಳನೇ ಇಯತ್ತೆಗೆ ಶಾಲೆ ಬಿಟ್ಟಿದ್ದು ಭಟ್ಕಳದ ವಕೀಲರ ಪುಣ್ಯ ನೋಡು. ಕಾಗದ ಒಡೆದು ಓದಿ ನಾನೂ ಅವರೂ ಬಿದ್ದು ಬಿದ್ದು ನಕ್ಕೆವು. ಸಿಟ್ಟು ಮಾಡಬೇಡ. ಕಾಗದ ಬಂತಲ್ಲ, ನನಗೆ ಅಷ್ಟೇ ಸಾಕು.

ಭಾವನ ಕಾಲು ಹೇಗಿದೆ? ರಕ್ತದ ಕಲೆಗೆ ಬಿಸಿನೀರು ಮಾತ್ರ ಹಾಕಬೇಡ. ಬಿಸಿ ತಾಗಿದರೆ ಬಟ್ಟೆಯಲ್ಲೇ ಕೂತುಬಿಡುತ್ತದೆ. ತಣ್ಣೀರಿಗೆ ಮುಷ್ಟಿ ಉಪ್ಪು ಹಾಕಿ ಇಡೀ ದಿವಸ ನೆನೆಸು. ಹಳೆಯದಾದರೆ ಉಪ್ಪನ್ನೇ ನೀರಲ್ಲಿ ಕಲಸಿ ಹಚ್ಚಿ, ಒಣಗಿದ ಮೇಲೆ ಮೆಲ್ಲಗೆ ಉಜ್ಜು. ಎರಡು ಮೂರು ಸಲ ಮಾಡಬೇಕು. ಇಲ್ಲಿಗೆ ಬರುವ ಮಂದಿ ಮೈಗೆ ಬಿಸಿಲಿನ ಎಣ್ಣೆ ಹಚ್ಚಿಕೊಂಡು ಹಾಗೆಯೇ ಮಲಗುತ್ತಾರೆ. ಆ ಜಿಡ್ಡಿಗೆ ನಾನು ಅಕ್ಕಿಹಿಟ್ಟು ಉದುರಿಸಿ ಇಡುತ್ತೇನೆ, ಹಿಟ್ಟು ಎಣ್ಣೆ ಕುಡಿಯುತ್ತದೆ. ಮಾಲೀಕರು ಪೇಟೆಯಿಂದ ದೊಡ್ಡ ಡಬ್ಬಿ ತಂದಿದ್ದಾರೆ, ನನ್ನ ಕೈ ಸುಟ್ಟುಹೋಗುತ್ತದೆ ಎಂದು ನಾನು ಅದನ್ನು ಮುಟ್ಟುವುದಿಲ್ಲ.

ಆಯಿಯ ಸೀರೆಯ ನೆರಿಗೆಗೆ ಸ್ವಲ್ಪ ಅರಿಶಿನ ತಾಗಿದೆ. ನಾನು ತೊಳೆಯದೆ ಹಾಗೇ ಕಳಿಸಿದೆ. ಸೀರೆ ಬೇಗ ಕಳಿಸು ಎಂದು ನೀನು ಮೂರು ಸಲ ಹೇಳಿ ಕಳಿಸಿದ್ದೆಯಲ್ಲ. ಅರಿಶಿನಕ್ಕೆ ಬಿಸಿಲೇ ಮದ್ದು, ಮಳೆ ಹೋಗಲಿ. ನವರಾತ್ರಿಯೊಳಗೆ ನಾನು ಬಂದು ತೆಗೆದುಕೊಡುತ್ತೇನೆ, ನೀನು ಮಾತಾಡದಿದ್ದರೂ ಚಾ ಕೊಡುತ್ತೀಯಲ್ಲ?

ಅರ್ಚಿತ ಕುಮಟಾದಲ್ಲಿ ಚೆನ್ನಾಗಿದ್ದಾಳೆ. ಗಂಡ ಸಂತೋಷ ಪಾಪದವನು. ಅವನ ತಾಯಿ ಸ್ವಲ್ಪ ಮಡಿವಂತೆ, ಆದರೆ ಕೆಟ್ಟವರಲ್ಲ.

ನಿನ್ನ ತಂಗಿ,
ಹೇಮಾ


ಶಿರಾಲಿ
17 ಜುಲೈ 2024, ಬುಧವಾರ

ಹೇಮಾ,

ಇಂದು ಆಷಾಢ ಏಕಾದಶಿ. ನೀರು ಬಿಟ್ಟರೆ ಬೇರೇನೂ ಇಲ್ಲ. ಬೆಳಿಗ್ಗೆ ಅಂಗಳದ ಹಾವಸೆ ಕೆರೆದು ಸುಣ್ಣ ಹಾಕಿದೆ, ಮೊನ್ನೆ ನಮ್ಮವರು ಜಾರಿ ಬೀಳುವುದು ಸ್ವಲ್ಪದರಲ್ಲಿ ತಪ್ಪಿತ್ತು. ಉಪವಾಸದ ದಿವಸ ಸುಳ್ಳು ಬರೆಯಬಾರದು, ಅದಕ್ಕೆ ಸತ್ಯ ಬರೆಯುತ್ತೇನೆ. ನಮ್ಮವರ ಕಾಲಿಗೆ ಎಂತದೂ ಆಗಿಲ್ಲ. ಕಲೆ ಇರುವುದು ಪಂಚೆಯಲ್ಲಿ ಅಲ್ಲ, ಆಯಿಯ ಸೀರೆಯಲ್ಲಿ.

ನಾನು ಕೇಳಿದ್ದು ನಿನ್ನನ್ನು ಪರೀಕ್ಷೆ ಮಾಡಿ ನೋಡುವುದಕ್ಕೆ. ಹಳೆಯ ರಕ್ತ ಅಂದ ಕೂಡಲೇ ನೀನು ಅರ್ಧ ಪುಟ ಬರೆದೆ. ಭಾವನ ಕಾಲು ಹೇಗಿದೆ ಎಂದು ಕೇಳಿದ್ದು ಮಾತ್ರ ಒಂದೇ ಒಂದು ಸಾಲು. ಅದರ ಹಿಂದೆಯೇ, ನಾನು ಕೇಳದಿದ್ದರೂ, ಸೀರೆಗೆ ಅರಿಶಿನ ತಾಗಿದೆ ಎಂದೂ ಬರೆದೆ. ಕೇಳದ ಪ್ರಶ್ನೆಗೆ ಯಾಕೆ ಉತ್ತರ ಕೊಟ್ಟೆ?

ಅರಿಶಿನ ಹಳದಿ. ಸೀರೆಯಲ್ಲಿ ಇರುವುದು ಕೆಂಪು, ಕಂದು ಕೆಂಪು. ನೆರಿಗೆಯ ಒಳಮಡಿಕೆಯಲ್ಲಿ, ಹೊರಗೆ ಕಾಣದ ಹಾಗೆ ಮಡಚಿ ಇಟ್ಟಿದೆ. ಅರಿಶಿನಕ್ಕೆ ಸಾಬೂನು ತಾಗಿದರೆ ಕೆಂಪಾಗುತ್ತದೆ ಎಂದು ನೀನು ಹೇಳಬಹುದು. ಅದು ನನಗೂ ಗೊತ್ತು. ಮದುವೆ ಮನೆಯಲ್ಲಿ ಅರಿಶಿನ ನೀರಿಗೆ ಸುಣ್ಣ ಕದಡಿ ಕೆಂಪು ಆರತಿ ಮಾಡಿದವಳೇ ನಾನು. ಆದರೆ ನೀನು ತೊಳೆದಿಲ್ಲ ಎಂದು ನೀನೇ ಬರೆದಿದ್ದೀಯ. ನಾನೂ ತೊಳೆದಿಲ್ಲ. ನನ್ನ ದೇವರ ಕೋಣೆಗೆ ಸಾಬೂನು ಬರುವುದೇ ಇಲ್ಲ. ಹಾಗಾದರೆ ಅದು ಎಂತ?

ನಾನು ಮದುವೆಯ ದಿವಸದ್ದೆಲ್ಲ ಒಂದೊಂದಾಗಿ ನೆನಪು ಮಾಡಿದೆ. ಧಾರೆಗೆ ಮೊದಲು ಅರ್ಚಿತ ಎರಡು ಸಲ ಒಳಗೆ ಹೋದಳು. ಎರಡು ಸಲವೂ ನೀನು ಹಿಂದೆಯೇ ಹೋಗಿ ಬಾಗಿಲು ಹಾಕಿದೆ. ಮಂಟಪದಲ್ಲಿ ಕೂತವಳು ಒಂದು ಕೈ ಸೊಂಟದಿಂದ ತೆಗೆಯಲೇ ಇಲ್ಲ. ದೇವಸ್ಥಾನಕ್ಕೆ ಹೋಗುವಾ ಅಂದರೆ, ತಲೆನೋವು ಅಂದಳು. ಹುಡುಗಿ ಆ ದಿವಸ ಹೊರಗಾಗಿದ್ದಳು, ಮುಹೂರ್ತ ತಪ್ಪುತ್ತದೆ ಎಂದು ನೀನು ಮುಚ್ಚಿಟ್ಟೆ. ಹೌದೋ ಅಲ್ಲವೋ?

ಹೋದ ವರ್ಷ ನಮ್ಮವರ ಎದೆಯ ಆಪರೇಷನ್ ಆಗುವಾಗ ಆಯಿಯ ಧಾರೆ ಸೀರೆಯನ್ನು ನವರಾತ್ರಿಗೆ ದೇವಿಗೆ ಉಡಿಸುತ್ತೇನೆ ಎಂದು ನಾನು ಹೇಳಿಕೊಂಡಿದ್ದು ನಿನಗೆ ಗೊತ್ತುಂಟು. ಗೊತ್ತಿದ್ದೂ ಹೀಗೆ ಮಾಡಿದೆಯಲ್ಲ. ಈ ಸೀರೆ ಉಡಿಸಿದರೆ ದೇವಿಗೆ ಅಪಚಾರ, ಉಡಿಸದಿದ್ದರೆ ಹರಕೆ ತಪ್ಪಿತು.

ಹಾಗೆಂದು ನಾನು ಬರೀ ಸಂಶಯದ ಮೇಲೆ ಬರೆಯುತ್ತಿಲ್ಲ. ಶುಕ್ರವಾರ ದೇವಿಯ ಹತ್ತಿರ ಹೂವಿನ ಪ್ರಸಾದ ಕೇಳಿಸಿದೆ. ‘ಈ ಸೀರೆಯ ವಿಷಯದಲ್ಲಿ ತಪ್ಪು ಆದದ್ದು ಹೌದಾದರೆ ಬಲಕ್ಕೆ ಕೊಡು’ ಎಂದು ಭಟ್ಟರು ಬೇಡಿಕೊಂಡರು. ಕೇಳಿದ ಕೂಡಲೇ ಬಲದ ಹೂವು ಬಿತ್ತು. ಇನ್ನೆಂತ ಬೇಕು?

ಸಂತೋಷನ ತಾಯಿಗೂ ಒಂದು ಕಾಗದ ಹಾಕಿದ್ದೇನೆ. ಕಾರಣ ಬರೆದಿಲ್ಲ. ಮನೆಯಲ್ಲಿ ಒಂದು ಪುಣ್ಯಾಹ ಮಾಡಿಸಿಬಿಡಿ, ಮದುವೆ ದಿವಸದ ಮೈಲಿಗೆ ಏನಾದರೂ ಇದ್ದರೆ ಹೋಗುತ್ತದೆ ಎಂದಷ್ಟೇ ಬರೆದೆ. ಮಕ್ಕಳ ಒಳ್ಳೆಯದಕ್ಕೇ ಬರೆದದ್ದು.

ಇತಿ,
ಮಾಸ್ತಮ್ಮ


ಕುಮಟಾ
3 ಆಗಸ್ಟ್ 2024

ದೊಡ್ಡಮ್ಮನಿಗೆ ಅರ್ಚಿತಳ ನಮಸ್ಕಾರ.

ಇದನ್ನು ಕೆಲಸದ ಅಂಗಡಿಯಲ್ಲಿ ಕೂತು ಬರೆಯುತ್ತಿದ್ದೇನೆ. ಮನೆಯಲ್ಲಿ ನಾನು ಫೋನ್ ಎತ್ತಿದರೆ ಅತ್ತೆ ಟಿವಿಯ ದನಿ ಸಣ್ಣ ಮಾಡುತ್ತಾರೆ.

ನಿಮ್ಮ ಕಾಗದವನ್ನು ಅತ್ತೆ ನನಗೆ ತೋರಿಸಲಿಲ್ಲ, ಓದಿ ಹೇಳಿದರು. ‘ಮದುವೆ ದಿವಸದ ಮೈಲಿಗೆ ಅಂದ್ರೆ ಎಂತದು ಅರ್ಚಿತಾ? ನಿನ್ನ ದೊಡ್ಡಮ್ಮ ಸುಮ್ನೆ ಬರೂವವರಲ್ಲ’ ಅಂದರು. ನನಗೆ ಗೊತ್ತಿಲ್ಲ ಅಂದೆ. ಗೊತ್ತಿಲ್ಲ ಅಂದದ್ದೇ ತಪ್ಪಾಯಿತು. ಮರುದಿವಸ ಗೋಡೆಯ ಕ್ಯಾಲೆಂಡರಿನಲ್ಲಿ ಮದುವೆಯ ತಾರೀಕಿಗೆ ಒಂದು ಗೀಟು ಬಿತ್ತು. ಆಮೇಲೆ ನನ್ನ ತಾರೀಕುಗಳಿಗೂ ಗೀಟು. ಲೆಕ್ಕ ಹಿಂದಕ್ಕೆ ಹಿಡಿದು ನೋಡುತ್ತಿದ್ದಾರೆ. ಹದಿನೈದು ದಿವಸದಿಂದ ನಾನು ದೇವರ ದೀಪ ಹಚ್ಚಿಲ್ಲ. ‘ನೀ ಇರು, ನಾನೇ ಹಚ್ತೆ’ ಅನ್ನುತ್ತಾರೆ. ಬೈಯುವುದಿಲ್ಲ. ಬೈದರೆ ತಿರುಗಿ ಒಂದು ಮಾತು ಹೇಳಬಹುದಿತ್ತು.

ನೀವು ನನ್ನನ್ನೇ ಕೇಳಬಹುದಿತ್ತು ದೊಡ್ಡಮ್ಮ. ನಾನು ಎರಡು ಸಲ ಒಳಗೆ ಹೋದದ್ದು ಲಂಗದ ಲಾಡಿ ಹರಿದದ್ದಕ್ಕೆ. ಅಮ್ಮ ಮೊದಲು ಗಂಟು ಹಾಕಿದಳು, ಅದು ನಿಲ್ಲಲಿಲ್ಲ, ಆಮೇಲೆ ಪಿನ್ನು ಹಾಕಿದಳು. ಪಿನ್ನನ್ನೂ ನಂಬಲಿಕ್ಕೆ ಆಗದೆ ನಾನು ಕೈ ಹಿಡಿದು ಕೂತೆ. ಮುನ್ನೂರು ಜನರ ಎದುರು ಸೀರೆ ಕಳಚಿದರೆ ಯಾವ ಪುಣ್ಯಾಹ ಮಾಡಿಸುತ್ತಿದ್ದಿರಿ?

ಇನ್ನು ಕಲೆ. ಧಾರೆಗೆ ಹೊರಡುವಾಗ ನೆರಿಗೆ ಸಡಿಲಾಗಿದೆ ಎಂದು ಅದನ್ನು ಹಿಡಿದು ಒಳಗೆ ಸಿಗಿಸಿದ್ದು ಯಾರು, ನೆನಪು ಮಾಡಿಕೊಳ್ಳಿ. ‘ಅಯ್ಯೋ ಕೈಯಲ್ಲಿ ಅರಿಶಿನ ಇತ್ತೇ!’ ಎಂದವರೂ ಅವರೇ.

ಅತ್ತೆ ನಿಮಗೆ ಒಂದು ಕಾಗದ ಬರೆಯುತ್ತಾರಂತೆ. ಏನು ಉತ್ತರ ಕೊಡುತ್ತೀರಿ ಎಂದು ನನಗೆ ಹೆದರಿಕೆ ಆಗುತ್ತದೆ. ನನ್ನ ಮಾತಿಗಿಂತ ನಿಮ್ಮ ಅಕ್ಷರಕ್ಕೆ ಇಲ್ಲಿ ಬೆಲೆ.

ಅರ್ಚಿತಾ


ಹಿರೇಗುತ್ತಿ
5 ಆಗಸ್ಟ್ 2024

ಅಕ್ಕ,

ಇದು ಕಲೆ ತೆಗೆಯುವ ವಿದ್ಯೆಯಲ್ಲ, ಕಲೆ ಗುರುತಿಸುವ ವಿದ್ಯೆ. ಗೆಸ್ಟ್‌ಹೌಸಿನಲ್ಲಿ ಹಾಸಿಗೆ ಬಟ್ಟೆ ಕೆಂಪಾಗಿದ್ದರೆ ನಾನು ಮೊದಲು ಇದನ್ನೇ ಮಾಡುವುದು.

ಒಂದು ನಿಂಬೆಹಣ್ಣು ತಗೋ. ಜರಿಗೆ ತಾಗಿಸದೆ, ಕಲೆಯ ಅಂಚಿಗೆ ಎರಡೇ ಹನಿ ಹಿಂಡು. ರಕ್ತವಾದರೆ ಹಳದಿ ಆಗುವುದಿಲ್ಲ. ಸಾಬೂನೋ ಸೋಡಾವೋ ತಾಗಿ ಕೆಂಪಾದ ಅರಿಶಿನ ಆದರೆ ನಿನ್ನ ಕಣ್ಣೆದುರಿಗೇ ಹಳದಿ ಆಗುತ್ತದೆ.

ಹಳದಿ ಆದರೆ, ಸಾಬೂನು ಹಾಕಿದವರು ಯಾರು ಎಂದು ನಿನ್ನ ಮನೆಯಲ್ಲೇ ಕೇಳು. ಮೆಲ್ಲಗೆ ಕೇಳು. ನೀನು ಕೇಳುವ ರೀತಿಗೆ ನಿಜ ಹೇಳುವವರೂ ಸುಳ್ಳು ಹೇಳುತ್ತಾರೆ.

ಇನ್ನು ನನಗೂ ಆಣೆ. ನನ್ನದು ಕೈಗೂ ಸೇರಿ.

ಹೇಮಾ


ಶಿರಾಲಿ
29 ಆಗಸ್ಟ್ 2024, ಗುರುವಾರ

ಹೇಮಾ,

ಶ್ರಾವಣದ ಏಕಾದಶಿ. ಬೆಳಿಗ್ಗೆ ಮಸಿ ಪಾತ್ರೆಗಳನ್ನೆಲ್ಲ ತೆಂಗಿನ ಸಿಪ್ಪೆ, ಬೂದಿ ಹಾಕಿ ಉಜ್ಜಿದೆ. ಉಜ್ಜುವುದು ಇನ್ನೇನೂ ಉಳಿಯದೆ ಹೋದ ಮೇಲೆ ಈ ಕಾಗದಕ್ಕೆ ಕೂತೆ. ನಿನಗೆ ಬರೆಯಬಾರದೆಂಬ ಆಣೆ ಇದೆ, ಓದಬಾರದೆಂದು ಇಲ್ಲವಲ್ಲ.

ನಿನ್ನ ಕಾಗದ ಬಂದ ದಿವಸವೇ ನಿಂಬೆಹಣ್ಣು ತರಿಸಿದೆ. ತರಿಸಿ ದೇವರ ಮುಂದೆ ಇಟ್ಟೆ. ಹಿಂಡಲಿಲ್ಲ. ಪಂಚಮಿ ಕಳೆಯಲಿ ಅಂದೆ. ಪಂಚಮಿ ಕಳೆಯಿತು. ವರಮಹಾಲಕ್ಷ್ಮಿ ಕಳೆಯಲಿ ಅಂದೆ. ನಿಂಬೆ ಸುಕ್ಕು ಬಿದ್ದು ಗೋಲಿಯ ಹಾಗೆ ಆಯಿತು. ದೇವರಿಗೆ ಹೆದರಿ ಮುಟ್ಟಲಿಲ್ಲ ಎಂದು ನಮ್ಮವರಿಗೆ ಹೇಳಿದೆ. ಅವರು ಪೇಪರಿನಿಂದ ತಲೆ ಎತ್ತದೆ, ‘ದೇವ್ರಿಗಲ್ಲ, ನಿಂಬೆಹಣ್ಣಿಗೆ ಹೆದ್ರೂದು ನೀನು’ ಅಂದರು.

ಮೊನ್ನೆ ಅಷ್ಟಮಿಯ ಮರುದಿವಸ ಬೇರೆ ನಿಂಬೆ ಕೊಯ್ದೆ. ಸೀರೆಯನ್ನು ಜಗಲಿಯ ಮಣೆಯ ಮೇಲೆ ಹಾಸಿದೆ. ಎರಡೇ ಹನಿ ಹಿಂಡಿದೆ. ಹೇಮಾ, ನಾನು ಒಂದು ಸಲ ಕಣ್ಣು ಮುಚ್ಚಿ ತೆಗೆಯುವುದರೊಳಗೆ ಅದು ಹಳದಿ ಆಯಿತು. ಇನ್ನೆರಡು ಹನಿ, ಇನ್ನಷ್ಟು ಹಳದಿ. ನಾನು ಅರ್ಧ ಹಣ್ಣು ಹಿಂಡಿಬಿಟ್ಟೆ.

ತಲೆ ಎತ್ತಿದರೆ ಭಾಗ್ಯ ಬಾಗಿಲಲ್ಲಿ ನಿಂತಿದ್ದಳು. ಕೈಯಲ್ಲಿ ಸೌಟು.

ನಾನು ಮೆಲ್ಲಗೇ ಕೇಳಿದೆ. ನಿನ್ನ ಮಾತು ನೆನಪಿತ್ತು. ‘ಭಾಗ್ಯ, ಇದಕ್ಕೆ ನೀ ಎಂತ ಹಾಕಿದ್ಯೆ?’

‘ನಾನಾ? ನಾ ಎಂತ ಹಾಕ್ಲಿ ಅತ್ತೆ?’

‘ಪೆಟ್ಟಿಗೆ ಕೀಲಿ ಎಲ್ಲಿದ್ದು ಅಂತ ನನ್ನ ಬಿಟ್ರೆ ನಿನಗೇ ಗೊತ್ತಿದ್ದದ್ದು.’

ಸೌಟು ಕೆಳಗಿಟ್ಟು ಅಲ್ಲೇ ಕೂತುಬಿಟ್ಟಳು. ‘ಅಡುಗೆ ಸೋಡಾ ಅತ್ತೆ. ಮೊಬೈಲ್‌ನಲ್ಲಿ ಒಬ್ಳು ತೋರ್ಸಿದ್ಲು. ಸೋಡಾ ಕಲ್ಸಿ ಹಚ್ಚಿದ್ರೆ ಯಾವ ಕಲೆನೂ ಹೋಗ್ತದೆ ಅಂತ. ಅರಿಶಿನ ಕಂಡ್ರೆ ನೀವು ಚಿಕ್ಕಮ್ಮಂಗೆ ಬೈತ್ರಿ, ಅದಕ್ಕೆ ಮೊದ್ಲೇ ತೆಗ್ದಿಡುವಾ ಅಂತ ಮಾಡ್ದೆ. ಅದು ನೋಡ್ತಾ ನೋಡ್ತಾ ರಕ್ತದ ಹಂಗೆ ಆಗೋಯ್ತು. ಒಳಗೆ ಮಡ್ಚಿ ಇಟ್ಬಿಟ್ಟೆ.’

‘ಮತ್ತೆ ನಾನು ಇಷ್ಟು ದಿವ್ಸ ಕೂಗಾಡಿದ್ದಾಗ ಹೇಳೂಕೆ ಎಂತ ಆಗಿತ್ತು?’

‘ನೀವು ರಕ್ತ ಅಂದ್ರಿ. ರಕ್ತ ಅಲ್ಲ ಅಂದ್ರೆ, ನಿಂಗೆ ಹೆಂಗೆ ಗೊತ್ತು ಅಂತ ಕೇಳ್ತಿದ್ರಿ.’

ಕೇಳುತ್ತಿದ್ದೆ. ಖಂಡಿತ ಕೇಳುತ್ತಿದ್ದೆ. ‘ಸಾರು ಉಕ್ತಾ ಇದ್ದು, ಹೋಗು’ ಅಂದೆ.

ಇನ್ನೊಂದು ಬರೆಯಬೇಕು. ಇದನ್ನು ಬರೆಯದಿದ್ದರೆ ಇಂದಿನ ಉಪವಾಸ ವ್ಯರ್ಥ. ನೆರಿಗೆ ಬಿಡಿಸಿ, ಹಳದಿ ಆದ ಮೇಲೆ ಆ ಕಲೆಯನ್ನು ಪೂರ್ತಿ ನೋಡಿದೆ. ಒಂದೇ ಮುದ್ದೆ ಎಂದು ತಿಳಿದಿದ್ದೆ. ಅಲ್ಲ. ನಾಲ್ಕು ಬೆರಳು. ಮೂರು ಉದ್ದ, ಒಂದು ಗಿಡ್ಡ. ನಾನು ನನ್ನ ಕೈಯನ್ನು ಅದರ ಮೇಲೆ ಇಟ್ಟೆ. ಮೊಂಡು ಬೆರಳು ಮೊಂಡು ಬೆರಳಿನ ಮೇಲೆ ಸರಿಯಾಗಿ ಕೂತಿತು.

ಸಂಜೆ ಭಟ್ಟರ ಹತ್ತಿರ ಹೋಗಿ, ದೇವಿಯ ಪ್ರಸಾದವೇ ಸುಳ್ಳಾಯಿತಲ್ಲ ಎಂದು ಅತ್ತುಬಿಟ್ಟೆ. ಅವರು, ‘ಸುಳ್ಳೆಲ್ಲಿ ಆಯ್ತು? ತಪ್ಪು ಆದದ್ದು ಹೌದೋ ಕೇಳಿದ್ದು, ಹೌದು ಅಂದಳು. ಯಾರದ್ದು ಅಂತ ನೀವು ಕೇಳಲೇ ಇಲ್ಲವಲ್ಲ’ ಅಂದರು. ಹೌದು, ಕೇಳಲಿಲ್ಲ. ಅದು ನನಗೆ ಗೊತ್ತಿದೆ ಎಂದು ನಾನು ತಿಳಿದಿದ್ದೆ.

ಆಣೆ ಬಿಡಿಸಿಕೊಂಡು ಬಂದಿದ್ದೇನೆ, ತಪ್ಪುಕಾಣಿಕೆ ಇಟ್ಟಿದ್ದೇನೆ. ಆದರೂ ಅರ್ಚಿತಳ ವಿಷಯ ಸರಿ ಮಾಡುವ ತನಕ ನಿನಗೆ ಫೋನ್ ಮಾಡುವ ಮುಖ ನನಗಿಲ್ಲ. ಸಂತೋಷನ ತಾಯಿಯ ಕಾಗದ ಬಂದಿದೆ. ‘ಹುಡುಗಿ ಆ ದಿವಸ ಹೊರಗಾಗಿದ್ದಳೋ ಇಲ್ಲವೋ, ದೇವರನ್ನು ನೆನೆದು ನಿಮ್ಮ ಕೈಯಾರೆ ಬರೆದು ತಿಳಿಸಿ’ ಎಂದು ಕೇಳಿದ್ದಾರೆ. ಓದುವಾಗ ನನ್ನದೇ ಕಾಗದ ಓದಿದ ಹಾಗಾಯಿತು.

ಇತಿ,
ಅಕ್ಕ


ಶಿರಾಲಿ
14 ಸೆಪ್ಟೆಂಬರ್ 2024, ಶನಿವಾರ

ಮಗಳು ಅರ್ಚಿತಾ,

ಭಾದ್ರಪದದ ಏಕಾದಶಿ, ಉಪವಾಸ. ಚೌತಿಯ ಪಾತ್ರೆಗಳೆಲ್ಲ ತೊಳೆದು ಅಟ್ಟಕ್ಕೆ ಹೋದವು. ಇಂದು ಬಿಸಿಲು ಬಿದ್ದಿದೆ. ಸೀರೆಯನ್ನು ಅಂಟುವಾಳದ ನೊರೆಯಲ್ಲಿ ಅದ್ದಿ ಅಂಗಳದಲ್ಲಿ ಹರಡಿದ್ದೇನೆ. ಭಾಗ್ಯ ಕಾಗೆ ಕಾಯುತ್ತಿದ್ದಾಳೆ. ಮೂರು ಬೆರಳು ಮಸುಕಾಗಿವೆ. ಗಿಡ್ಡದ್ದು ಇನ್ನೂ ಕಾಣುತ್ತದೆ. ಪೂರ್ತಿ ಹೋಗದಿದ್ದರೂ ನವರಾತ್ರಿಗೆ ಉಡಿಸುತ್ತೇನೆ. ದೇವಿಗೆ ಗೊತ್ತಿಲ್ಲದ ಬೆರಳಲ್ಲ ಅದು. ಹಬ್ಬ ಕಳೆದ ಮೇಲೆ ಸೀರೆ ನಿನ್ನದು. ನಿನ್ನ ಅಮ್ಮನಿಗೂ ಕಾಗದದಲ್ಲಿ ತಿಳಿಸಿದ್ದೇನೆ.

ಹೌದು, ನಿನ್ನ ಅಮ್ಮ ನಿನ್ನೆ ಫೋನ್ ಮಾಡಿದ್ದಳು. ಎತ್ತಿದೆ. ಅವಳೇ ‘ಅಲ್ಲಿ ಬಿಸ್ಲು ಬಂತನೆ?’ ಅಂದಳು. ‘ಬಂತು’ ಅಂದೆ. ನಿನ್ನೆಗೆ ಅಷ್ಟೇ.

ನಿನ್ನನ್ನು ಕೇಳದೆ ನಿನ್ನ ಬಗ್ಗೆ ಬರೆದೆ. ಅದು ನನ್ನ ತಪ್ಪು. ಬಟ್ಟೆಯ ಕಲೆಗೆ ನಿಂಬೆ ಇದೆ, ಬಿಸಿಲಿದೆ. ನಾನು ಕುಮಟಾಕ್ಕೆ ಹಾಕಿದ ಆ ಒಂದು ಸಾಲಿಗೆ ಏನಿದೆ ಎಂದು ಹದಿನೈದು ದಿವಸ ಯೋಚಿಸಿದೆ. ಇನ್ನೊಂದು ಕಾಗದ ಬಿಟ್ಟರೆ ಬೇರೆ ಏನೂ ತೋಚಲಿಲ್ಲ.

ಅದಕ್ಕೆ ನಿನ್ನ ಅತ್ತೆಗೆ ಉತ್ತರ ಬರೆದು ಇಟ್ಟಿದ್ದೇನೆ. ಲಾಡಿ, ಸೋಡಾ, ನಿಂಬೆ, ಯಾವುದನ್ನೂ ಮುಚ್ಚಿಲ್ಲ. ಭಾಗ್ಯಳ ಹೆಸರು ಹಾಕದೆ ‘ನಮ್ಮ ಮನೆಯಲ್ಲಿ’ ಎಂದಷ್ಟೇ ಬರೆದಿದ್ದೇನೆ. ಅಡಿಯಲ್ಲಿ ನನ್ನ ಸಹಿಯ ಪಕ್ಕ, ಅರಿಶಿನ ಮುಟ್ಟಿ ನಾಲ್ಕು ಬೆರಳು ಒತ್ತಿದ್ದೇನೆ. ಅವರಿಗೆ ಸಂಶಯ ಇದ್ದರೆ ನವರಾತ್ರಿಗೆ ಬಂದು ಸೀರೆಯ ಜೊತೆ ಹಿಡಿದು ನೋಡಲಿ.

ಈ ಕಾಗದವನ್ನು ನಿನ್ನ ಕೆಲಸದ ಅಂಗಡಿಯ ವಿಳಾಸಕ್ಕೆ ಹಾಕುತ್ತೇನೆ, ಆ ಉತ್ತರವನ್ನು ಮಾತ್ರ ಅಂಚೆಗೆ ಹಾಕುವುದಿಲ್ಲ. ಅಂಚೆಯವನ ಮೇಲೆ ನನಗೆ ನಂಬಿಕೆ ಇದೆ, ನಿನ್ನ ಅತ್ತೆಯ ಮೇಲೆ ಇಲ್ಲ. ಈ ಸಲವೂ ನಿನಗೆ ಓದಿ ಹೇಳುತ್ತಾರೆ, ತೋರಿಸುವುದಿಲ್ಲ. ನನ್ನ ಬುದ್ಧಿ ನನಗೆ ಗೊತ್ತಿದೆ, ಅವರದ್ದೂ ಅದೇ ಅಂಗಡಿಯದ್ದು. ಕವರು ಅಂಟಿಸಿಲ್ಲ. ನೀನು ಮೊದಲು ಓದಬೇಕು. ಒಂದು ಮಾತು ಹೆಚ್ಚು ಕಡಿಮೆ ಅನ್ನಿಸಿದರೆ ಹೇಳು, ನಿನ್ನ ಎದುರಿಗೇ ಹೊಡೆದುಹಾಕಿ ಬೇರೆ ಬರೆಯುತ್ತೇನೆ. ಆಮೇಲೆ ನೀನೇ ಅವರ ಕೈಗೆ ಕೊಡು, ಕೊಟ್ಟು ಹೋಗಿ ದೀಪ ಹಚ್ಚು.

ಸಂತೋಷನನ್ನು ಕಳಿಸಬೇಡ, ಪಾಪದವನು, ಹೋಗಿ ನೇರ ತಾಯಿಯ ಕೈಗೆ ಕೊಡುತ್ತಾನೆ. ಮುಂದಿನ ವಾರದ ಭಾನುವಾರ ಭಟ್ಕಳದ ಬಸ್ಸು ಹತ್ತಿ ಶಿರಾಲಿಯಲ್ಲಿ ಇಳಿ. ನನ್ನ ಉತ್ತರವನ್ನು ನೀನೇ ಬಂದು ತಗೊಂಡು ಹೋಗು.

ಇತಿ,
ನಿನ್ನ ದೊಡ್ಡಮ್ಮ,
ಮಾಸ್ತಮ್ಮ